ಟೊಮೆಟೊ ಕ್ರೇಟಿಗೆ ಹೋದ ಕಥೆ

ಅಟ್ಟದ ಮೇಲೆ ಕೈಯಾಡಿಸಿದ ಗಂಗಾಂಬಿಕೆಗೆ ಧೂಳು ಬಿಟ್ಟರೆ ಏನೂ ಸಿಗಲಿಲ್ಲ. ಹಳೆ ಪೇಪರಿನ ಕಟ್ಟು ಅಲ್ಲಿರಲಿಲ್ಲ. ಕಟ್ಟಿನ ನಡುವೆ ಅವಳು ಅಡಗಿಸಿಟ್ಟಿದ್ದ ಕಾದಂಬರಿಯೂ ಇರಲಿಲ್ಲ.

ಏಣಿ ಇಳಿದವಳೇ ಹಿತ್ತಿಲಿಗೆ ನಡೆದಳು. ಟೊಮೆಟೊ ಕೊಯ್ಲಿನ ದಿನ ಹಂಗಳ ಊರಿನ ಮನೆಗಳ ಹಳೆ ಪೇಪರೆಲ್ಲ ಎಲ್ಲಿಗೆ ಹೋಗುತ್ತದೆಂದು ಯಾರನ್ನೂ ಕೇಳಬೇಕಾಗಿಲ್ಲ. ಕ್ರೇಟಿನ ತಳಕ್ಕೂ ಪಕ್ಕಕ್ಕೂ ಪೇಪರು ಹಾಸಿದರೆ ಹಣ್ಣು ತರಚದೆ ಕೇರಳ ಸೇರುತ್ತದೆ. ಅವಳೇ ಎಷ್ಟೋ ಸಲ ಹಾಸಿದ್ದಳು. ಪುಸ್ತಕ ಅಡಗಿಸಿಡುವಾಗ ಈ ವಾರ ಕೊಯ್ಲೆಂಬುದನ್ನು ಮಾತ್ರ ಮರೆತಿದ್ದಳು.

ಕೊಟ್ಟಿಗೆಯ ಮುಂದೆ ಕೆಲಸದ ಚಿಕ್ಕನಿಂಗಮ್ಮ ಒಡೆದ ಹಣ್ಣು ಬೇರೆ ಮಾಡುತ್ತಿದ್ದಳು. ಅವಳ ಮಗ್ಗುಲಲ್ಲಿ ಪುಸ್ತಕದ ನೀಲಿ ರಟ್ಟು ಬಿದ್ದಿತ್ತು. ಒಳಗೆ ಒಂದು ಹಾಳೆಯೂ ಇಲ್ಲ.

"ಇದನ್ನ ಯಾರಮ್ಮಿ ಹರಿದೋರು?"

"ಯಜಮಾನ್ರು ಕಣ ಅಮ್ಮಾರೆ. ಕಡೇ ಎಲ್ಡು ಕ್ರೇಟಿಗೆ ಪೇಪರು ಸಾಲ್ನಿಲ್ಲ. ಸಣ್ದಾದ್ರೂ ಮೂಲೆಗಾಯ್ತದೆ ಬುಡು ಅಂದ್ರು. ಗಾಡಿ ಆಗ್ಲೇ ಗುಂಡ್ಲುಪೇಟೆಗೆ ಓಯ್ತಲ್ಲ."

ಗಂಗಾಂಬಿಕೆ ರಟ್ಟನ್ನು ಎತ್ತಿಕೊಂಡಳು. ಸೀರೆ ಬದಲಿಸಲೂ ಒಳಗೆ ಹೋಗದೆ ಬಸ್ ಸ್ಟಾಪಿಗೆ ಹೊರಟಳು.

ನಾದಿನಿಯ ಮಗಳ ಮದುವೆಗೆ ಚಾಮರಾಜನಗರಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಎದುರು ಕೊಂಡ ಪುಸ್ತಕವದು. ಮಧ್ಯಾಹ್ನದ ಪಾತ್ರೆ ತೊಳೆದು, ಹಾಲು ಕರೆಯುವ ಹೊತ್ತಾಗುವ ತನಕ, ಉಗ್ರಾಣದ ಬಾಗಿಲು ಒರಗಿಸಿಕೊಂಡು ಓದುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಯಾರ ಅತ್ತಿಗೆಯೂ ಅಲ್ಲ, ಯಾರ ಅವ್ವನೂ ಅಲ್ಲ. ಯಾರದೋ ಕಥೆಯೊಳಗೆ ನಡೆದು ಹೋಗಿ, ತನ್ನೊಳಗೆ ಇಷ್ಟು ವರ್ಷ ಮಾತಿಲ್ಲದೆ ಕೂತಿದ್ದುದಕ್ಕೆ ಮಾತು ಹುಡುಕಿಕೊಂಡು ಬರುತ್ತಿದ್ದಳು. ಕಥೆಯ ಹೆಂಗಸು ಗಂಡನ ಮನೆಯ ಬೀಗದ ಕೈಯನ್ನು ಹೊಸಿಲ ಮೇಲಿಟ್ಟು ಹೊಳೆಯ ದಡಕ್ಕೆ ಬಂದು ನಿಂತಿದ್ದಳು. ದೋಣಿ ಹತ್ತುತ್ತಾಳೋ, ಹಿಂದಕ್ಕೆ ಹೋಗುತ್ತಾಳೋ? ನಿನ್ನೆ ಹಸು ಕೂಗಿದ್ದರಿಂದ ಅಲ್ಲಿಗೆ ಮುಚ್ಚಿಟ್ಟಿದ್ದಳು. ಬೆಳಗಿನಿಂದ ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ.

ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಅವಳ ಗಂಡ ಶಿವಮಲ್ಲಪ್ಪ ಮಂಡಿಯ ಮಾಲೀಕ ಮಾದಪ್ಪನ ಜೊತೆ ಟೀ ಕುಡಿಯುತ್ತಿದ್ದ. ಹೆಂಡತಿಯನ್ನು ಕಂಡು ಲೋಟ ಕೆಳಗಿಟ್ಟ.

"ಏನಾಯ್ತು ಗಂಗಾ, ಮನೇಲಿ?"

"ಮನೇಲಿ ಏನೂ ಆಗಿಲ್ಲ. ನಮ್ಮ ಕ್ರೇಟು ಯಾವ್ವು? ನನ್ನ ಪುಸ್ತಕ ಹರಿದು ಹಾಸ್ಬುಟ್ಟಿದ್ದೀರಿ. ಅದು ಬೇಕು."

ಮಾದಪ್ಪ ನಕ್ಕ. "ಓಗ್ಲಿ ಬುಡವ್ವ. ಕೇರಳದೋರು ಓದ್ಕಳ್ಲಿ."

"ಅವರ್ಗೆ ಕನ್ನಡ ಬತ್ತದಾ ಮಾದಪ್ಪಾರೆ? ಓದೋಕೆ ಬರೋಳ ಕೈಯಿಂದ ಕಿತ್ತು ಬರ್ದೆ ಇರೋರ್ಗೆ ಕಳಿಸ್ತಾ ಇದ್ದೀರಿ. ಒಳ್ಳೆ ಯಾಪಾರ."

ಲೋಡ್ ಮಾಡುತ್ತಿದ್ದ ಹಮಾಲಿಗಳು ಕೈ ನಿಲ್ಲಿಸಿದರು. ಶಿವಮಲ್ಲಪ್ಪ ದನಿ ತಗ್ಗಿಸಿದ. "ಓದಿ ಮುಗ್ದಿರ್ತದೆ ಅಂದ್ಕಂಡೆ ಕಣೆ. ಬೇರೆ ತಂದ್ರಾಯ್ತು, ನಡಿ."

"ಹಸೂಗೆ ಮೇವು ಹಾಕಿದ್ಯಾ ಅಂತ ದಿನಾ ಕೇಳ್ತೀರಿ. ಇದನ್ನ ಒಂದು ಮಾತು ಕೇಳ್ಬೌದಿತ್ತು."

"ಪೇಪರ್ ಕಟ್ಟಲ್ಲಿ ಇಟ್ಟೋರ್ಯಾರು? ನಂಗೇನು ಕನಸು ಬಿದ್ದಿತ್ತಾ?"

"ನಾನೇ ಇಟ್ಟೆ. ಕದ್ದ ಮಾಲಿನಂಗೆ ಇಟ್ಟೆ. ನನ್ನ ಕೈಲಿ ಪುಸ್ತಕ ಕಂಡು ಬೀಗರ ಮುಂದೆ, ನಮ್ಮನೆಯೋಳು ಲೆಕ್ಚರರ್ ಆಯ್ತಾಳಂತೆ ಅಂತ ನಕ್ಕಿದ್ರಲ್ಲ, ಆವತ್ತಿಂದ."

"ನಾನಾ? ಯಾವಾಗ?"

ಅವನು ನಿಜವಾಗಿಯೂ ಮರೆತಿದ್ದ. ಅದು ಅವಳನ್ನು ಇನ್ನಷ್ಟು ಉರಿಸಿತು. ಅವನಿಗೆ ನೆನಪಿಲ್ಲದ ಒಂದು ನಗೆಗೆ ಹೆದರಿ ಎಷ್ಟು ಮಧ್ಯಾಹ್ನಗಳನ್ನು ಉಗ್ರಾಣದ ಕತ್ತಲೆಯಲ್ಲಿ ಕಳೆದುಬಿಟ್ಟೆನಲ್ಲ ಎನಿಸಿತು. ಇನ್ನು ಯಾರ ಉತ್ತರಕ್ಕೂ ಕಾಯದೆ ತಮ್ಮ ಗುರುತಿನ ಹಸಿರು ಕ್ರೇಟುಗಳನ್ನು ಎಳೆದು, ಹಣ್ಣನ್ನು ಖಾಲಿ ಕ್ರೇಟಿಗೆ ಸುರಿಯತೊಡಗಿದಳು.

"ಲಾರಿ ಓಗ್ಬೇಕು ಕಣವ್ವ," ಎಂದ ಮಾದಪ್ಪ. "ಬಂಡೀಪುರ ಕಾಡಿನ ಗೇಟು ಹಾಕ್ಬುಡ್ತಾರೆ."

"ಗೇಟು ಹಾಕಾದು ರಾತ್ರಿಗೆ. ಇನ್ನೂ ಬಿಸ್ಲು ಇಳ್ದಿಲ್ಲ."

ನಾಲ್ಕು ಜನ ನೋಡುತ್ತಿದ್ದರೆಂದೋ, ಹಣ್ಣು ಹಾಳಾಗುತ್ತದೆಂದೋ, ಶಿವಮಲ್ಲಪ್ಪನೂ ಬಗ್ಗಿದ. ಒಂದೊಂದಾಗಿ ಹಾಳೆಗಳು ಬಂದವು, ಕೆಲವು ಒದ್ದೆಯಾಗಿ, ಕೆಲವಕ್ಕೆ ಟೊಮೆಟೊ ಬೀಜ ಅಂಟಿ. ಅವಳು ಒರೆಸಿ ರಟ್ಟಿನೊಳಗೆ ಸೇರಿಸುತ್ತ ಹೋದಳು. ಕಡೆಯ ಕ್ರೇಟಿನ ಮೂಲೆಯಿಂದ ಒಂದನ್ನು ಎಳೆದ ಅವನು ಬೆಳಕಿಗೆ ಹಿಡಿದ.

"ದೋಣಿಯೋನು ಕೈ ನೀಡ್ದ, ಅಂತ ಅದೆ. ಇದಾ?"

"ಮುಂದಕ್ಕೆ ಓದ್ಬ್ಯಾಡಿ." ಅವನ ಕೈಯಿಂದ ಹಾಳೆ ಕಿತ್ತುಕೊಂಡಳು.

ಒಂದು ಕ್ರೇಟನ್ನು ಬೋರಲು ಹಾಕಿ, ಮಂಡಿಯ ನಡುವೆಯೇ ಕೂತು ಓದಿದಳು. ಹಮಾಲಿಗಳು ಅವಳನ್ನು ಬಳಸಿಕೊಂಡು ಓಡಾಡಿದರು. ಪಕ್ಕದ ಮಂಡಿಯವರು ಇಣುಕಿದರು. ಅವಳು ತಲೆ ಎತ್ತಲಿಲ್ಲ. ಶಿವಮಲ್ಲಪ್ಪ ಗಾಡಿಯ ಕೀ ಹಿಡಿದು ನಿಂತಿದ್ದ. ಕರೆಯುವ ಧೈರ್ಯ ಅವನಿಗೆ ಬರಲಿಲ್ಲ.

ಮನೆಯ ಹಾದಿಯಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಎದೆಯೊಳಗೆ ಯಾರೋ ಬಾಗಿಲು ತೆಗೆದಿಟ್ಟ ಹಾಗಿತ್ತು.

ಊರು ಕಾಣುತ್ತಿದ್ದಂತೆ ಶಿವಮಲ್ಲಪ್ಪ ಕೇಳಿದ. "ಹತ್ತಿದ್ಲಾ ಅವ್ಳು, ದೋಣೀನ?"

ಗಂಗಾಂಬಿಕೆ ಮಡಿಲಲ್ಲಿದ್ದ ರಟ್ಟನ್ನು ಒತ್ತಿ ಹಿಡಿದಳು.

"ನಿಮ್ಗೂ ಅಕ್ಷರ ಬತ್ತದಲ್ಲ. ಇವತ್ತಿಂದ ಇದು ಪಡಸಾಲೇಲಿ, ಟಿವಿ ಪಕ್ಕ ಇರ್ತದೆ," ಎಂದಳು. "ಬೇಕಾದ್ರೆ ನನ್ನ ಕೇಳಿ ತಗಳಿ."