ಮುಂದಿನ ವರ್ಷದ ಎಡೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ತಮ್ಮ ಸುರೇಂದ್ರನ ಕಥೆ. ಹೇಳಬೇಕಾದವನು ಅವನು. ಕುಡಿತ ಬಿಡುವುದೆಂದರೆ ಏನು ಎಂಬುದು ಕುಡಿಯದೇ ಇದ್ದವರಿಗೆ ತಿಳಿಯುವುದಿಲ್ಲ ಎಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದಾನೆ, ಅದು ನಿಜವೂ ಇರಬೇಕು. "ಬರಿ ಅಕ್ಕ, ಆದ್ರೆ ನನ್ನ ಭಾರಿ ಒಳ್ಳೇವ್ನನ್ನ ಮಾಡ್ಬೇಡ" ಎಂದು ಒಪ್ಪಿಗೆ ಕೊಟ್ಟ. ಎಲ್ಲಿ ಹೆಚ್ಚಾಯಿತೋ, ಎಲ್ಲಿ ಬಿಟ್ಟುಹೋಯಿತೋ ಎಂಬ ಅಂಜಿಕೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಸುರೇಂದ್ರ ಹೊಸನಗರದ ಹತ್ತಿರದ ನಮ್ಮೂರಿನಿಂದ ಒಂದು ಸಣ್ಣ ಶಾಲೆಯ ವ್ಯಾನು ಓಡಿಸುತ್ತಿದ್ದ. ಅಪಘಾತವೇನೂ ಆಗಲಿಲ್ಲ. ಆದರೆ ಒಂದು ಬೆಳಿಗ್ಗೆ ಮಕ್ಕಳ ತಾಯಂದಿರು ದಾರಿಯಲ್ಲೇ ವ್ಯಾನು ನಿಲ್ಲಿಸಿ ಮಕ್ಕಳನ್ನು ಇಳಿಸಿಕೊಂಡರು. ಅವನ ಬಾಯಿಯ ವಾಸನೆ ಹಿಂದಿನ ಸೀಟಿನವರೆಗೂ ಬರುತ್ತಿತ್ತಂತೆ. ಶಾಲೆಯವರು ಕೀಲಿ ವಾಪಸು ತೆಗೆದುಕೊಂಡರು. ಆ ಬೇಸಿಗೆಯಲ್ಲಿ ಅವನು ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ. ಈಗ ಹೊಸನಗರದಲ್ಲಿ ಬೇರೆಯವರ ಗಾಡಿ ತೊಳೆಯುವ ಕೆಲಸ ಮಾಡುತ್ತಾನೆ.

ಭಾನುವಾರ ಸಾಗರದಲ್ಲಿ ಕುಡಿತ ಬಿಟ್ಟವರ ಸಭೆ. ಒಬ್ಬನೇ ಹೋದರೆ ಅಲ್ಲಿನ ಬಸ್‌ಸ್ಟ್ಯಾಂಡಿನ ಪಕ್ಕದ ಬ್ರಾಂದಿ ಅಂಗಡಿ ದಾಟುವುದು ಕಷ್ಟ ಎಂದು ಅವನು ಹೇಳಿದ್ದರಿಂದ ನಾನು ಆನಂದಪುರದಿಂದ ಬಂದು ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಜೊತೆಯಾಗುತ್ತಿದ್ದೆ. ಸಭೆ ನಡೆಸುವವರು ಮುಕುಂದಯ್ಯ. ನಿವೃತ್ತ ಬಸ್ ಕಂಡಕ್ಟರ್. ಒಂದು ಕಾಲದಲ್ಲಿ ತಾವೂ ಕುಡಿಯುತ್ತಿದ್ದವರು. ಎಲ್ಲರಿಗೂ ಅವರದು ಒಂದೇ ಪ್ರಶ್ನೆ.

"ಎಲ್ಲಿ ಹತ್ತಿದ್ದು ಅಂತ ನಾನು ಕೇಳ್ತಿಲ್ಲ. ಎಲ್ಲಿಗೆ ಅಂತ ಹೇಳಿ. ಮುಂದಿನ ವರ್ಷ ಈ ದಿನ ಎಲ್ಲಿರ್ತೀರಿ, ಎಂತ ಮಾಡ್ತಿರ್ತೀರಿ, ಪಕ್ಕದಲ್ಲಿ ಯಾರಿರ್ತಾರೆ?"

ತಾಳಗುಪ್ಪದ ಒಬ್ಬರು, "ಮುಂದಿನ ವರ್ಷ ನನ್ನ ಹೆಂಡ್ತಿ ನನ್ನ ಬೈಯೋದು ಬಿಟ್ಟಿರ್ತಾಳೆ" ಎಂದರು.

"ಅದನ್ನ ಬಿಡಿಸೋ ಶಿಬಿರ ಇನ್ನೂ ಶುರುವಾಗಿಲ್ಲ ಮಾರಾಯ್ರೇ, ಬೇರೆ ಎಂತಾದ್ರೂ ಹೇಳಿ" ಎಂದರು ಮುಕುಂದಯ್ಯ.

ಎಲ್ಲರೂ ನಕ್ಕರು, ಸುರೇಂದ್ರನೂ ನಕ್ಕ. ಆದರೆ ಅವನ ಸರದಿ ಬಂದಾಗ ಪ್ರತಿ ವಾರವೂ ಒಂದೇ ಮಾತು: "ಕಾಣ್ತಿಲ್ಲ ಸರ್. ಇವತ್ತು ಮಲಗೋ ತನಕ ಕಾಣ್ತದೆ. ಆಚೆ ಎಂತ ಇದೆ ಅಂತ ಗೊತ್ತಾಗ್ತಿಲ್ಲ."

ಮುಕುಂದಯ್ಯ ಒತ್ತಾಯಿಸುತ್ತಿರಲಿಲ್ಲ. "ಆಯ್ತು, ಸೀಟಲ್ಲಿ ಕೂತಿರಿ" ಎನ್ನುತ್ತಿದ್ದರು.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ನಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಯೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹಿರಿಮಗ ಅವರನ್ನು ಬಾಯಿಬಿಟ್ಟು ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಹಿರಿಯರು ಉಂಡು ಹೋಗುವಷ್ಟು ಹೊತ್ತು ಕಾದು, ಹಿರಿಮಗ ಒಬ್ಬನೇ ಮೊದಲು ಒಳಗೆ ಹೋಗಿ ಎಡೆಯಿಂದ ಒಂದು ತುತ್ತು ತಿನ್ನಬೇಕು. ನಮ್ಮ ಅಪ್ಪ ಅಂಜನಪ್ಪನಿಗೆ ಇಷ್ಟವಾದದ್ದು ಕಡುಬು, ಕೋಳಿಸಾರು, ಬೀಡಿ, ಬ್ರಾಂದಿ. ಅಪ್ಪ ಸತ್ತದ್ದೂ ಆ ಬ್ರಾಂದಿಯಿಂದಲೇ. ಆದರೂ ಪ್ರತಿ ವರ್ಷ ಎಲೆಯ ಪಕ್ಕ ಒಂದು ಗ್ಲಾಸು ಇಡುತ್ತಿದ್ದೆವು. ಬಾಗಿಲು ತೆಗೆದ ಮೇಲೆ ಅದರಲ್ಲೂ ಮೊದಲ ಗುಟುಕು ಹಿರಿಮಗನದು, ಅಂದರೆ ಸುರೇಂದ್ರನದು.

ಸುರೇಂದ್ರನ ಹೆಂಡತಿ, ಪುಟ್ಟ ಬಿಂದುಶ್ರೀಯ ತಾಯಿ ಸ್ವಪ್ನಾ ನನಗೆ ಫೋನು ಮಾಡಿದಳು. "ಅತ್ತಿಗೆ, ಒಂದು ತೊಟ್ಟು ಒಳಗೆ ಹೋದ್ರೂ ನಾನು ಬಿಂದುಶ್ರೀನ ಕರ್ಕೊಂಡು ತೀರ್ಥಹಳ್ಳಿಗೆ, ಅಮ್ಮನ ಮನೆಗೆ ಹೋಗ್ತೀನಿ. ಸಿಟ್ಟಲ್ಲಿ ಹೇಳ್ತಿಲ್ಲ. ಸಿಟ್ಟು ಮುಗ್ದು ಎಷ್ಟೋ ಕಾಲ ಆಯ್ತು."

ಅವ್ವನಿಗೆ ಹೇಳಿದರೆ ಅವಳದು ಬೇರೆಯೇ ಹೆದರಿಕೆ. "ನಮ್ಮ ಮಾವಂಗೆ ಒಂದ್ ವರ್ಷ ಇಡ್ಲಿಲ್ಲ, ಆ ವರ್ಷವೇ ದನ ಹಾವು ಕಚ್ಚಿ ಸತ್ತಿದ್ದು. ಸತ್ತವ್ರ ಬಾಯಿ ಒಣಗಿಸಬಾರ್ದು. ಮನೇಲಿ ಸಣ್ಣ ಮಗು ಇದೆ."

ಚಿಕ್ಕಪ್ಪ ನಿಂಗಪ್ಪ ಎಡೆಗೆ ಕೂರಲಿ ಎಂದು ನಾನು ಸುರೇಂದ್ರನಿಗೆ ಸೂಚಿಸಿದೆ. ಹಿಂದಿನ ವರ್ಷ ಕೂತದ್ದೂ ಚಿಕ್ಕಪ್ಪನೇ. ಆಗ ಸುರೇಂದ್ರ ಜಗುಲಿಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ, ನೆಂಟರು ಅವನನ್ನು ದಾಟಿಕೊಂಡು ಒಳಗೆ ಬಂದಿದ್ದರು.

"ಈ ವರ್ಷಾನೂ ಚಿಕ್ಕಪ್ಪನೇ ಕೂತ್ರೆ ನಾನು ಬಿಟ್ಟಿದ್ದು ಎಂತಕ್ಕೆ?" ಎಂದ. "ನಾನೇ ಕೂರ್ಬೇಕು ಅಕ್ಕ."

"ಗ್ಲಾಸು ಇಟ್ಟು ಕುಡೀದೆ ಇದ್ರೆ?"

"ಬಾಗ್ಲು ತೆಗೆದಾಗ ಕೋಣೆ ತುಂಬ ಅದರ ವಾಸನೆ ಇರ್ತದೆ. ಒಳಗೆ ನಾನೊಬ್ನೇ. ಯಾರೂ ನೋಡಲ್ಲ. ನನ್ನ ಮೇಲೆ ನಂಗೆ ಅಷ್ಟು ನಂಬಿಕೆ ಇಲ್ಲ." ಹಾಗಾಗಿ ಈ ವರ್ಷ ಗ್ಲಾಸು ಬೇಡ ಎಂದು ಚಿಕ್ಕಪ್ಪನಿಗೆ ಹೇಳಿದೆವು.

ಅಮಾವಾಸ್ಯೆಯ ದಿನ ಮಳೆ ಇರಲಿಲ್ಲ. ಸ್ವಪ್ನಾ ಬೆಳಿಗ್ಗೆಯಿಂದ ಕಡುಬು ಕಟ್ಟಿದಳು, ನಾನು ಮಸಾಲೆ ರುಬ್ಬಿದೆ. ಅವಳ ಬಟ್ಟೆಯ ಚೀಲ ತುಂಬಿ ಬಾಗಿಲ ಹಿಂದೆ ಕೂತಿತ್ತು. ಸುರೇಂದ್ರನಿಗೂ ಅದು ಕಂಡಿತ್ತು. ಮಧ್ಯಾಹ್ನ ಅವನು ಸ್ನಾನ ಮಾಡಿ ಬಂದು ನಡುಕೋಣೆಯಲ್ಲಿ ಎಲೆ ಹಾಸಿದ. ಕಡುಬು ಇಟ್ಟ, ಸಾರು ಬಡಿಸಿದ, ಬೀಡಿ ಕಟ್ಟು ಇಟ್ಟ. ನಾವೆಲ್ಲ ಹಿಂದೆ ನಿಂತಿದ್ದೆವು.

ಆಗ ಚಿಕ್ಕಪ್ಪ ಚೀಲದಿಂದ ಪೇಪರಲ್ಲಿ ಸುತ್ತಿದ ಸಣ್ಣ ಬಾಟಲಿ ತೆಗೆದ. "ತಗಳಾ. ಇದು ನಿಮ್ಮಪ್ಪಂದು, ನಂದಲ್ಲ."

"ಚಿಕ್ಕಪ್ಪ, ಬೇಡ ಅಂತ ಹೇಳಿದ್ವಲ್ಲ" ಎಂದೆ ನಾನು.

"ಎಡೆಗೆ ಇಟ್ಟಿದ್ದು ಹೆಂಡ ಅಲ್ಲ ಕಣೇ, ಎಡೆ. ಸಾಗರದಲ್ಲಿ ಸಂಜೆ ಕಾಲೇಜಿಗೆ ಹೋದ್ಯಲ್ಲ, ಇಷ್ಟು ಹೇಳಿಕೊಡ್ಲಿಲ್ವಾ?"

ಸ್ವಪ್ನಾ ಗೋಡೆಗೆ ಒರಗಿ ನಿಂತಿದ್ದಳು. ಸುರೇಂದ್ರ ಬಾಟಲಿಗೆ ಕೈ ಚಾಚಲಿಲ್ಲ, ಅದರ ಮೇಲಿನಿಂದ ಕಣ್ಣನ್ನೂ ತೆಗೆಯಲಿಲ್ಲ. ಆಮೇಲೆ ಕಷ್ಟಪಟ್ಟು ಅವ್ವನ ಕಡೆ ತಿರುಗಿದ.

"ಅವ್ವ, ಎಲ್ಲ ನಾನು ಇಟ್ಟೆ. ಇದೊಂದು ನೀನು ಬಗ್ಗಿಸಿ ಇಡು. ಆಮೇಲೆ ತೆಗೆಯೋದೂ ನೀನೇ. ನಾನು ಮುಟ್ಟಲ್ಲ."

ಅವ್ವ ಮುಂದೆ ಬಂದು ಬಾಟಲಿ ಇಸಿದುಕೊಂಡಳು. ಸೆರಗಿನಿಂದ ಒರೆಸಿದಳು. ಮುಚ್ಚಳದ ಮೇಲೆ ಬೆರಳಿಟ್ಟು, "ಇದನ್ನ ತೆಗೆಯೋದು ಹೆಂಗೆ?" ಎಂದು ಕೇಳಿದಳು.

"ತಿರುಗ್ಸಿ ಅತ್ತಿಗೆ" ಎಂದ ಚಿಕ್ಕಪ್ಪ.

ಅವ್ವ ತಿರುಗಿಸಲಿಲ್ಲ. "ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ, ಕಟ್ಟಿಗೆ ಸಂದೀಲಿ ಬಚ್ಚಿಟ್ಟೆ. ಬಗ್ಗಿಸಿ ಕೊಡು ಅಂತ ಅವ್ರು ಹೊಡೆದ್ರೂ ಒಂದಿನ ಕೊಟ್ಟವಳಲ್ಲ ನಾನು. ಇಷ್ಟು ವರ್ಷ ಗಂಡಸ್ರು ಇಡ್ತಿದ್ರಿ, ನಾನು ಹೊರಗೆ ನಿಂತು ಇಡಿ ಇಡಿ ಅಂತಿದ್ದೆ. ಈಗ ನನ್ನ ಕೈಯಲ್ಲೇ ಕೊಡ್ಲಾ?"



"ತಗಂಡು ಹೋಗು ನಿಂಗಪ್ಪ" ಎಂದು ಬಾಟಲಿಯನ್ನು ಚಿಕ್ಕಪ್ಪನ ಕೈಗೆ ತುರುಕಿದಳು. ತುರುಕಿದ ಕೂಡಲೇ ಹೆದರಿಕೆ ವಾಪಸು ಬಂತು. "ಮತ್ತೆ ಅವ್ರು ಬಂದು ಗ್ಲಾಸೆಲ್ಲಿ ಅಂತ ಕೇಳಿದ್ರೆ ಎಂತ ಹೇಳೋದು?"

"ನಾನು ಹೇಳ್ತೀನಿ" ಎಂದ ಸುರೇಂದ್ರ.

ಎಲೆಯ ಮುಂದೆ ಕೈಮುಗಿದು ಕೂತ. ಕರೆಯುವ ಮಾತು ನಮ್ಮಲ್ಲಿ ಉದ್ದ ಇರುವುದಿಲ್ಲ. ಬನ್ನಿ, ಉಣ್ಣಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಅಷ್ಟೇ.

"ಅಪ್ಪ, ಸುರೇಂದ್ರ ಬಂದಿದೀನಿ. ಹೋದ್ ವರ್ಷ ಯಾಕೆ ಬರ್ಲಿಲ್ಲ ಅಂತ ನಿಂಗೆ ಗೊತ್ತು. ಕಡುಬು ಇದೆ, ಕೋಳಿ ಇದೆ, ಬೀಡಿ ಇದೆ. ಗ್ಲಾಸು ಇಲ್ಲ. ಮುಂದಿನ ವರ್ಷಾನೂ ಇರಲ್ಲ." ಅಲ್ಲಿಗೆ ನಿಲ್ಲಿಸಿದ. ಮುಗಿಯಿತು ಎಂದುಕೊಂಡು ಅವ್ವ ಬಾಗಿಲ ಕಡೆ ಹೆಜ್ಜೆ ಇಟ್ಟಳು. ಅವನು ಮತ್ತೆ ಶುರು ಮಾಡಿದ. "ಮುಂದಿನ ವರ್ಷ ಬೆಳಿಗ್ಗೆ ಎರಡು ಟ್ರಿಪ್ಪು ಮುಗಿಸಿ ಬಂದು ಕೂರ್ತೀನಿ. ವ್ಯಾನು ತೊಳೆದು ರಸ್ತೆ ಬದಿಗೆ ನಿಲ್ಸಿರ್ತೀನಿ."

"ವ್ಯಾನು ಯಾರದ್ದಾ?" ಎಂದ ಚಿಕ್ಕಪ್ಪ.

"ಬಾಡಿಗೇದು ಚಿಕ್ಕಪ್ಪ."

"ಹಾಂ, ಹಂಗಾದ್ರೆ ಸರಿ. ಸ್ವಂತದ್ದು ಅಂದಿದ್ರೆ ಅಣ್ಣ ಎದ್ದೇ ಬರ್ತಿದ್ದ."

ಸ್ವಪ್ನಾಗೆ ನಗು ತಡೆಯಲಾಗಲಿಲ್ಲ. ಸುರೇಂದ್ರ ಹಿಂತಿರುಗಿ ನೋಡಲಿಲ್ಲ. ಎಲೆಯ ಮೇಲೆ ಏನೋ ಕಾಣುತ್ತಿದ್ದವನ ಹಾಗೆ ನಿಧಾನವಾಗಿ ಹೇಳಿದ.

"ಮಕ್ಕಳನ್ನ ಕೂರ್ಸಕ್ಕೆ ಜನ ಒಪ್ಪಲ್ಲ, ಅದಕ್ಕಿನ್ನೂ ಟೈಮು ಬೇಕು. ಸೊಪ್ಪು, ತರಕಾರಿ ಹೇರ್ತೀನಿ. ತೀರ್ಥಹಳ್ಳಿ ಸಂತೆಗೆ ಹೋಗ್ತೀನಿ. ತರಕಾರಿ ಯಾರ ಹತ್ರಾನೂ ದೂರು ಹೇಳಲ್ಲ. ಬಿಂದು ಅಷ್ಟ್ರಲ್ಲಿ ಸೈಕಲ್ ಕಲಿತಿರ್ತಾಳೆ. ಸಂಜೆ ನಾನು ಬಂದ ಕೂಡ್ಲೆ ಸ್ವಪ್ನಾ ಹತ್ರ ಬಂದು ಬಾಯಿ ಮೂಸಲ್ಲ. ಸುಮ್ನೆ, ರಾತ್ರಿಗೆ ಎಂತ ಮಾಡ್ಲಿ ಅಂತ ಕೇಳ್ತಾಳೆ. ಅಷ್ಟು ಕಾಣ್ತಿದೆ ಅಪ್ಪ. ಆಚೆದು ಕಾಣ್ತಿಲ್ಲ. ಬಂದು ಉಣ್ಣು."

ಸ್ವಪ್ನಾ, "ಬಾಗ್ಲು ಹಾಕಿ, ಸಾರು ಆರಿ ಹೋಗ್ತದೆ" ಎಂದಳು.

ಹೊರಗೆ ಜಗುಲಿಯಲ್ಲಿ ಕೂತೆವು. ಚಿಕ್ಕಪ್ಪ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಮನೆಯಲ್ಲಿ ಕೆಲಸ ಇದೆ ಎಂದು ಬೇಗ ಹೊರಟ. ಯಾವ ಕೆಲಸ ಎಂದು ಯಾರೂ ಕೇಳಲಿಲ್ಲ. ಬಾಗಿಲು ತೆಗೆಯುವ ಹೊತ್ತಾದಾಗ ಸುರೇಂದ್ರ ಒಬ್ಬನೇ ಒಳಗೆ ಹೋದ. ಬೇಗ ಹೊರಗೆ ಬಂದ, ಬಾಯಲ್ಲಿ ಕಡುಬು ಇತ್ತು. "ಉಪ್ಪು ಸ್ವಲ್ಪ ಕಡಿಮೆ" ಎಂದ. "ಮುಂದಿನ ವರ್ಷ ನೀವೇ ಕಟ್ಟಿ" ಎಂದಳು ಸ್ವಪ್ನಾ.

ಅವಳು ತೀರ್ಥಹಳ್ಳಿಗೆ ಹೋಗಲಿಲ್ಲ. ಬಾಯಿ ಮೂಸುವುದನ್ನು ಬಿಟ್ಟಿಲ್ಲ, ಅದು ಅವಳ ತಪ್ಪೂ ಅಲ್ಲ. ಬಿಂದುಶ್ರೀಗೆ ಕೆಮ್ಮು ಬಂದರೆ ಅವ್ವ ಈಗಲೂ ಗ್ಲಾಸಿನ ಮಾತೆತ್ತುತ್ತಾಳೆ. ಸುರೇಂದ್ರ ಗಾಡಿ ತೊಳೆಯುತ್ತಲೇ ಇದ್ದಾನೆ, ಬಾಡಿಗೆ ವ್ಯಾನಿನ ಬಗ್ಗೆ ಒಬ್ಬರ ಹತ್ತಿರ ವಿಚಾರಿಸಿದ್ದಾನೆ, ಅವರು ಇನ್ನೂ ಹೂಂ ಎಂದಿಲ್ಲ. ಅಪ್ಪ ಅವತ್ತು ಬಂದನೋ, ಬಂದಿದ್ದರೆ ಮಗನ ಮಾತು ಒಪ್ಪಿದನೋ ಗೊತ್ತಿಲ್ಲ. ಬರುವ ಅಮಾವಾಸ್ಯೆಯ ಹೊತ್ತಿಗೆ ನನ್ನ ತಮ್ಮ ಹೇಗಿರುತ್ತಾನೆ ಎಂಬುದೂ ನನಗೆ ಗೊತ್ತಿಲ್ಲ.