ಪ್ರಸ್ಥಾನಕ್ಕೆ ಹೋದ ಚೀಲ

ಏಳು ಸಮುದ್ರಗಳ ಆಚೆ ಅಲ್ಲ, ಒಂದೇ ಒಂದು ಸಮುದ್ರದ ಈಚೆ, ಒಬ್ಬ ರಾಜನಿದ್ದ. ರಾಜನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳಿಗೆ ನೀರಿನ ಅಡಿಗೆ ಹೋಗಿ ಬರುವ ವಿದ್ಯೆ ಗೊತ್ತಿತ್ತು. ಅದು ಮಂತ್ರದ ವಿದ್ಯೆಯಲ್ಲ. ಅದಕ್ಕೆ ಗಾಜಿನ ಮಾಸ್ಕು ಬೇಕು, ರಬ್ಬರಿನ ಕೊಳವೆ ಬೇಕು, ಗಾಳಿ ತುಂಬಿದ ಸಿಲಿಂಡರು ಬೇಕು. ಇವು ನಡುನೀರಿನಲ್ಲಿ ಕೈಕೊಡದ ಹಾಗೆ ಒಂದು ಚೀಲ ಬಿಡಿಭಾಗಗಳೂ ಬೇಕು. ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ ರಾಜ ಆ ಚೀಲವನ್ನೇ ಪರವೂರಿಗೆ ಸಾಗಿಸಿಬಿಟ್ಟ.

ಅಜ್ಜಿಯ ಕಥೆಯಾಗಿದ್ದರೆ ಇಲ್ಲಿ ಒಂದು ಮಾತಾಡುವ ಗಿಳಿಯಾದರೂ ಬಂದು ದಾರಿ ತೋರಿಸುತ್ತಿತ್ತು. ನನಗೆ ಬಂದದ್ದು ಸಿಟ್ಟು ಮಾತ್ರ. ಏಕೆಂದರೆ ಆ ರಾಜನ ಹೆಸರು ಮಧ್ವರಾಜ. ಉಡುಪಿಯಲ್ಲಿ ಕಾಲೇಜು ಮೇಷ್ಟರಾಗಿದ್ದು ಈ ವರ್ಷ ನಿವೃತ್ತರಾದವರು, ನನ್ನ ಅಪ್ಪ. ಮಗಳು ನಾನು, ಹರಿಪ್ರಿಯಾ.

ನಿವೃತ್ತಿಯ ನೆಪದಲ್ಲಿ ಅಪ್ಪ, ಅಮ್ಮ, ಅಣ್ಣ ಗುರುಪ್ರಸಾದ್ ಮತ್ತು ನಾನು ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಲು ಹೊರಟಿದ್ದೆವು. ಕಾಪುವಿನ ನನ್ನ ಗೆಳತಿ ಕ್ಯಾರೆನ್ ಕೂಡ ಅದೇ ಹಡಗಿಗೆ. ಮಣಿಪಾಲದ ಮುದ್ರಣಾಲಯದಲ್ಲಿ ವಾರವಿಡೀ ಪುಟ ಜೋಡಿಸುವ ನಾನು, ರಜೆ ಸಿಕ್ಕಿದಾಗೆಲ್ಲ ಅವಳ ಜೊತೆ ಕಾಪುವಿನ ಬಂಡೆಗಳ ಸುತ್ತ ಸ್ಕೂಬಾ ಡೈವ್ ಮಾಡಿದವಳು. ಅಲ್ಲಿಯ ನೀರು ಕಲಕಿದ ಮಜ್ಜಿಗೆಯ ಹಾಗೆ. ಚಾಚಿದ ಕೈ ಕಂಡರೆ ಪುಣ್ಯ. ಒಮ್ಮೆಯಾದರೂ ತಿಳಿನೀರಿನಲ್ಲಿ ಹವಳದ ನಡುವೆ ಇಳಿಯಬೇಕು ಎಂದು ಇಬ್ಬರೂ ಕನಸು ಕಂಡಿದ್ದೆವು. ಡೈವಿಂಗಿನಲ್ಲಿ ಯಾವಾಗಲೂ ಜೋಡಿ. ಒಬ್ಬಳ ಮಾಸ್ಕಿನ ಪಟ್ಟಿ ಕಿತ್ತರೆ ಇಬ್ಬರೂ ದೋಣಿಯಲ್ಲೇ ಕೂರಬೇಕು. ನಾವು ಇಳಿಯುವ ದ್ವೀಪದಲ್ಲಿ ಸಿಲಿಂಡರು ಸಿಗುತ್ತದಂತೆ, ಬೇರೆ ಏನೂ ಸಿಗುವುದಿಲ್ಲವಂತೆ. ಅನುಮತಿಯ ಓಡಾಟವೆಲ್ಲ ಕ್ಯಾರೆನ್ ಮಾಡಿದಳು. "ಸ್ಪೇರು, ಟೂಲ್ಸ್ ಎಲ್ಲ ನನಗೆ ಬಿಡು" ಎಂದು ನಾನು ಮಾತು ಕೊಟ್ಟೆ.

ಹೊರಡುವ ಹಿಂದಿನ ದಿನ, ಬುಧವಾರ, ಕಾಪುವಿಗೆ ಹೋಗಿ ಉಳಿದ ಸಾಮಾನು ತಂದೆ. ಕ್ಯಾರೆನ್ನಳ ಮಾಸ್ಕಿಗೆ ಹೊಸ ಪಟ್ಟಿ, ಸಿಲಿಂಡರಿನ ಬಾಯಿಗೆ ಕೂರುವ ರಬ್ಬರು ಬಳೆಗಳು, ಅವಕ್ಕೆ ಹಚ್ಚುವ ಸಿಲಿಕೋನ್ ಗ್ರೀಸು. ಇಷ್ಟನ್ನು ಸೇರಿಸಿದರೆ ಮುಗಿಯಿತು. ಮಂಚದ ಕೆಳಗೆ ಕೈಹಾಕಿದರೆ ಚೀಲವೇ ಇಲ್ಲ.

"ಅಮ್ಮಾ, ನನ್ನ ನೀಲಿ ಚೀಲ ಎಲ್ಲಿ?"

ಅಮ್ಮ ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. "ಅಪ್ಪನ ಹತ್ತಿರ ಕೇಳು. ನನ್ನನ್ನು ನಡುವೆ ಎಳೆಯಬೇಡಿ."

ಅಪ್ಪ ಜಗಲಿಯಲ್ಲಿ ಪಂಚಾಂಗ ಮಡಚುತ್ತಿದ್ದರು. "ಗುರುವಾರ ದಕ್ಷಿಣಕ್ಕೆ ಶೂಲ ಉಂಟು, ಆ ದಿಕ್ಕಿಗೆ ಹೊರಡಬಾರದು. ಕೊಚ್ಚಿಯ ರೈಲು ನಮ್ಮನ್ನು ಕೇಳಿ ಹೊರಡುತ್ತದಾ? ಅದಕ್ಕೆ ಬೆಳಿಗ್ಗೆ ಒಳ್ಳೆಯ ಹೊತ್ತಿನಲ್ಲಿ ಪ್ರಸ್ಥಾನ ಇಟ್ಟಾಯಿತು. ಗುರು ಕಾರ್ಕಳಕ್ಕೆ ಹೋಗುವವನಿದ್ದ. ಅತ್ತೆಯ ಮನೆಯಲ್ಲಿ ಬಿಟ್ಟು ಬಂದ."

ನಮ್ಮ ಮನೆಯಲ್ಲಿ ಇದು ಹಿಂದಿನಿಂದಲೂ ಇದೆ. ಹೊರಡುವ ದಿನ ಸರಿಯಿಲ್ಲದಿದ್ದರೆ ಮೊದಲೇ ಶುಭ ಗಳಿಗೆ ನೋಡಿ ಒಂದು ಪೆಟ್ಟಿಗೆಯನ್ನು ಬೇರೆಯವರ ಮನೆಗೆ ಸಾಗಿಸುವುದು. ಪೆಟ್ಟಿಗೆ ಹೊರಟಿತೆಂದರೆ ನಾವೂ ಹೊರಟ ಲೆಕ್ಕ. ಮತ್ತೆ ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು.

"ಅದರಲ್ಲಿ ಇನ್ನೂ ಸಾಮಾನು ತುಂಬಲಿಕ್ಕೆ ಉಂಟು ಅಪ್ಪ! ಬೇರೆ ಪೆಟ್ಟಿಗೆ ಇರಲಿಲ್ಲವಾ?"

"ಅಮ್ಮನದ್ದರಲ್ಲಿ ಸೀರೆ ಉಂಟು, ನನ್ನದರಲ್ಲಿ ಮದ್ದು ಉಂಟು. ಎಲ್ಲ ಬೇಕಾದ್ದೇ. ನಿನ್ನದು ಆಟದ ಸಾಮಾನು ಅಲ್ವಾ?"

ಒಳಗಿನಿಂದ ಅಣ್ಣ ಕೂಗಿದ: "ಹೆದರಬೇಡ ಮಾರಾಯ್ತಿ, ಮೀನುಗಳಿಗೆ ನಾನು ಫೋನ್ ಮಾಡಿ ಹೇಳುತ್ತೇನೆ, ಹರಿಪ್ರಿಯಾ ಬರುವುದು ಸ್ವಲ್ಪ ತಡ ಅಂತ."

"ನಿನ್ನ ಕ್ಯಾಮೆರಾ ಚೀಲ ತೆಗೆದುಕೊಂಡು ಹೋಗಬೇಕಿತ್ತು!"

"ಅದರಲ್ಲಿ ಲೆನ್ಸ್ ಉಂಟು."

ಎಷ್ಟು ಸಹಜವಾಗಿ ಹೇಳಿದ! ಅವನ ಗಾಜು ಲೆನ್ಸು, ನನ್ನ ಗಾಜು ಆಟಿಕೆ. ಕಣ್ಣಿಗೆ ನೀರು ಬಂತು. ಅದನ್ನು ಇವರೆದುರು ಇಳಿಯಲು ಬಿಡಬಾರದೆಂದು ಪೊಟ್ಟಣ ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಅಪ್ಪ ಎದ್ದು ನಿಂತರು. "ಇಟ್ಟ ಪ್ರಸ್ಥಾನ ಬಿಚ್ಚಬಾರದು ಹರೀ. ಅತ್ತೆ ನಾಳೆ ನೇರ ಸ್ಟೇಷನ್ನಿಗೆ ತರುತ್ತಾಳೆ."

ನಾನು ಆಗಲೇ ಅಂಗಳಕ್ಕೆ ಇಳಿದಿದ್ದೆ. ಅಜ್ಜಿಯ ರಾಜಕುಮಾರಿಯರು ಮುನಿಸಿಕೊಂಡರೆ ಏಳುಪ್ಪರಿಗೆಯ ಮೇಲೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಗ್ರೀಸಿನ ಡಬ್ಬಿ ಹಿಡಿದು ಕಾರ್ಕಳದ ಬಸ್ಸಿಗೆ ಓಡಿದವಳ ಕಥೆ ನಾನು ಕೇಳಿಲ್ಲ. ಮಣಿಪಾಲದವರೆಗೂ ನಿಂತೇ ಇದ್ದೆ. ಅಲ್ಲಿ ಸೀಟು ಸಿಕ್ಕಿತು. ಹಿರಿಯಡ್ಕ ದಾಟುವಾಗಲೂ ಅಪ್ಪನಿಗೆ ಹೇಳಬೇಕಾದ ಮಾತುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬಹುಶಃ ತುಟಿ ಅಲುಗುತ್ತಿತ್ತು. ಪಕ್ಕದ ಹೆಂಗಸು ಮೆಲ್ಲನೆ ಕಿಟಕಿಯ ಕಡೆ ಸರಿದಳು.

ಪ್ರಭಾವತಿ ಅತ್ತೆ ಅಪ್ಪನ ಅಕ್ಕ. ಗೇಟು ತೆರೆದವಳೇ ನನ್ನ ಮುಖ ನೋಡಿ, "ಹೊಟ್ಟೆಗೆ ಎಂತಾದರೂ ಹಾಕಿಕೊಂಡು ಮತ್ತೆ ಜಗಳ ಮಾಡು" ಎಂದಳು. ಅಪ್ಪನ ಫೋನು ನನಗಿಂತ ಮೊದಲೇ ತಲುಪಿತ್ತು.

ನನ್ನ ಚೀಲ ಚಾವಡಿಯಲ್ಲಿ ಮಣೆಯ ಮೇಲೆ ಕೂತಿತ್ತು. ಕೆಳಗೆ ರಂಗೋಲಿ, ಜಿಪ್ಪಿನ ಮೇಲೆ ಒಂದು ದಾಸವಾಳ. ಮದುಮಗನ ಹಾಗೆ.

"ಮುಟ್ಟಬೇಡ ಮಾರಾಯ್ತಿ," ಅತ್ತೆ ಅಡ್ಡ ಬಂದಳು. "ನಿನ್ನ ಅಪ್ಪ ಪಂಚಾಂಗ ನೋಡದೆ ಕ್ಷೌರಕ್ಕೂ ಹೋದವನಲ್ಲ. ನಾಳೆ ಹಡಗಿನಲ್ಲಿ ಯಾರಿಗಾದರೂ ಒಂದು ಸೀನು ಬಂದರೂ ನನ್ನ ತಲೆಗೆ ಕಟ್ಟುತ್ತಾನೆ."

"ಚೀಲ ನನ್ನದು ಅತ್ತೆ."

ಜಿಪ್ಪು ಎಳೆದೆ. ಅರಿಶಿನದ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆ ಒಂದು ತೆಂಗಿನಕಾಯಿ, ಅದರ ಜುಟ್ಟು ನನ್ನ ಮಾಸ್ಕಿನ ಗಾಜಿಗೆ ಉಜ್ಜುತ್ತಿತ್ತು. ಅದನ್ನೆತ್ತಿದರೆ ಕೆಳಗೆಲ್ಲ ಅಕ್ಷತೆ. ಸ್ಪ್ಯಾನರಿನ ಸಂದಿಯಲ್ಲಿ ಅಕ್ಷತೆ, ಗ್ಲೌಸಿನ ಬೆರಳುಗಳಲ್ಲಿ ಅಕ್ಷತೆ. ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸ್ಪೇರ್ ರೆಗ್ಯುಲೇಟರನ್ನು ಅಲುಗಿಸಿದೆ. ಒಳಗೆ ಗಿಲಕಿಯ ಹಾಗೆ ಸದ್ದಾಯಿತು.

ನಾನು ಕಿರುಚಿದೆ. ಅತ್ತೆ ಹೆದರಿ ಮಣೆಯ ತುದಿಯಲ್ಲೇ ಕೂತುಬಿಟ್ಟಳು.

"ಎಂತ ಆಯಿತು? ಅಕ್ಷತೆ ಅಲ್ವಾ, ಹಾವಲ್ಲವಲ್ಲ!"

"ಇದರೊಳಗೆ ಒಂದು ತೆಳು ರಬ್ಬರು ರೆಕ್ಕೆ ಉಂಟು. ಬಿಟ್ಟ ಉಸಿರು ಅದನ್ನು ತೆರೆದು ಹೊರಗೆ ಹೋಗುತ್ತದೆ, ಕೂಡಲೇ ಅದು ಮುಚ್ಚಿಕೊಳ್ಳಬೇಕು. ಅದರ ಅಡಿಗೆ ಒಂದು ಕಾಳು ಸಿಕ್ಕಿದರೆ ಮುಚ್ಚುವುದಿಲ್ಲ. ಉಸಿರು ಎಳೆದರೆ ಗಾಳಿಯ ಜೊತೆ ಸಮುದ್ರವೂ ಬರುತ್ತದೆ."

ಅತ್ತೆ ನನ್ನನ್ನೂ ಉಪಕರಣವನ್ನೂ ನೋಡಿದಳು. ಮತ್ತೆ ತಾನೇ ಅಪ್ಪನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

"ಬಿಚ್ಚಿದೆಯಾ?" ಅಪ್ಪ ಕೇಳಿದರು.

"ಬಿಚ್ಚಿದೆ. ಅಕ್ಷತೆ ಯಾಕೆ ಹಾಕಿದ್ದು ನೀವು?"

"ಮತ್ತೆ, ಬರೀ ಚೀಲ ಇಟ್ಟರೆ ಪ್ರಸ್ಥಾನ ಆಗುತ್ತದಾ? ನಿನ್ನ ಒಳ್ಳೆಯದಕ್ಕೇ ಹಾಕಿದ್ದು."

"ನಾನು ಉಸಿರಾಡುವ ಬಾಯಿಗೆ ಹಾಕಿದ್ದೀರಿ ಅಪ್ಪ. ಅಷ್ಟು ಆಳದಲ್ಲಿ ಕ್ಯಾರೆನ್ ಇದನ್ನು ಕಚ್ಚಿ ಉಸಿರು ಎಳೆದಿದ್ದರೆ? ನಾನು ಎಳೆದಿದ್ದರೆ?"

ಆ ಕಡೆ ಅಮ್ಮನ ಲಟ್ಟಣಿಗೆಯ ಸದ್ದು ನಿಂತಿತು.

"ನನಗೆ ಅದು ಗೊತ್ತಿರಲಿಲ್ಲ," ಎಂದರು.

"ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಅಮ್ಮನ ಸೀರೆ ಪೆಟ್ಟಿಗೆ ಕೇಳದೆ ಮುಟ್ಟುತ್ತೀರಾ? ಗುರುವಿನ ಕ್ಯಾಮೆರಾ? ನನ್ನದಕ್ಕೆ ಮಾತ್ರ ಕೇಳುವ ಅಗತ್ಯ ಇಲ್ಲ. ಅದು ಆಟದ್ದು."

"ಆಯಿತು, ಆಯಿತು. ಸರಿ ಮಾಡಿಕೊ. ಮನೆಗೆ ಮಾತ್ರ ವಾಪಸ್ ತರಬೇಡ."

"ತರುವುದಿಲ್ಲ. ನಾನೂ ಬರುವುದಿಲ್ಲ. ನಾಳೆ ಇಲ್ಲಿಂದಲೇ ಸ್ಟೇಷನ್ನಿಗೆ. ನನ್ನ ಬಟ್ಟೆಯ ಪೆಟ್ಟಿಗೆ ಗುರು ಹೊತ್ತು ತರಲಿ."

ಫೋನು ವಾಪಸ್ ಕೊಟ್ಟೆ. ಅತ್ತೆ ಒಂದು ಹಳೆಯ ಬಿಳಿ ಪಂಚೆ ತಂದು ಹಾಸಿದಳು. ಕನ್ನಡಕ ಏರಿಸಿ ಎದುರಿಗೆ ಕೂತಳು. ಚೀಲವನ್ನು ಅದರ ಮೇಲೆ ಸುರಿದೆ. ರೆಗ್ಯುಲೇಟರಿನ ಮುಚ್ಚಳ ತಿರುಗಿಸಿ ತೆಗೆದೆ, ಒಳಗಿನ ಬಿಲ್ಲೆ ಎತ್ತಿದೆ. ಹಳದಿ ಕಾಳುಗಳು ಉದುರಿದವು. ಒಂದು ಕಾಳು ರೆಕ್ಕೆಯ ಅಡಿಯಲ್ಲೇ ಸಿಕ್ಕಿಕೊಂಡಿತ್ತು. ಅತ್ತೆ ಟಾರ್ಚು ಹಿಡಿದಳು. ನಾನು ಮೃದುವಾದ ಬ್ರಷ್ಷಿನ ತುದಿಯಿಂದ ಅದನ್ನು ಹೊರಗೆ ತಂದೆ.

"ಇಷ್ಟು ಸಣ್ಣದಾ?" ಎಂದಳು ಅತ್ತೆ. ಆಮೇಲೆ ಹಾಸ್ಯ ಮಾಡಲಿಲ್ಲ.

ಅಕ್ಷತೆಗೆ ಕಲಸಿದ ತುಪ್ಪದ ಜಿಡ್ಡು ಹತ್ತಿದ ಹಳೆಯ ರಬ್ಬರು ಬಳೆಗಳನ್ನು ಬಿಸಾಡಿದೆ. ಉಳಿದದ್ದನ್ನೆಲ್ಲ ಸೋಪುನೀರಿನಲ್ಲಿ ತೊಳೆದು ಫ್ಯಾನಿನ ಕೆಳಗೆ ಹರಡಿದೆವು. ಒಣಗುವವರೆಗೆ ಅತ್ತೆ ಕೊಟ್ಟ ಅವಲಕ್ಕಿ ತಿಂದೆ, ಸಿಟ್ಟಿನಲ್ಲೇ, ರುಚಿ ಗೊತ್ತಾಗದೆ. ಬಳಿಕ ಗ್ರೀಸು ಸವರಿ ರೆಗ್ಯುಲೇಟರನ್ನು ಮತ್ತೆ ಜೋಡಿಸಿದೆ. ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಕಚ್ಚಿ, ಉಸಿರು ಎಳೆದೆ. ಗಾಳಿ ಒಂದಿಷ್ಟೂ ಬರಲಿಲ್ಲ. ಎಲ್ಲೂ ಸೋರುತ್ತಿಲ್ಲ.

ಒಂದೊಂದನ್ನೂ ಅದರ ಜಾಗಕ್ಕೆ ಇಟ್ಟೆ. ಕ್ಯಾರೆನ್ನಳ ಪಟ್ಟಿ ಮೇಲೆಯೇ ಕೈಗೆ ಸಿಗುವ ಹಾಗೆ. ಅತ್ತೆ ಅಭ್ಯಾಸಬಲದಿಂದ ಒಂದು ಚಿಟಿಕೆ ಅಕ್ಷತೆ ತೆಗೆದು ಚೀಲದ ಕಡೆ ಕೈ ಚಾಚಿದಳು. ನನ್ನ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡು, ಅದನ್ನು ನನ್ನ ತಲೆಯ ಮೇಲೆ ಹಾಕಿದಳು.

ತಲೆಯನ್ನು ಹಿಂದಕ್ಕೆ ವಾಲಿಸಿ, ಒಂದು ಕಾಳೂ ಒಳಗೆ ಬೀಳದ ಹಾಗೆ, ಜಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದೆ.