ಬಟ್ಟಲಿಗೆ ಒಂದು ಕ್ವಿಡ್

ಯಾರ್ಕ್‌ಷೈರ್‌ನ ನಮ್ಮ ಊರಿನಲ್ಲಿ ಪೌಂಡ್ ಅನ್ನುವುದು ಬ್ಯಾಂಕಿನವರು ಮಾತ್ರ. ಉಳಿದವರ ಬಾಯಲ್ಲಿ ಅದು ಕ್ವಿಡ್. ತರಕಾರಿ ಅಂಗಡಿಯ ಕ್ಲೈವ್ ಆಕ್ಸ್‌ಪ್ರಿಂಗ್ ಮೂವತ್ತೊಂದು ವರ್ಷದಿಂದ ಮಾರುಕಟ್ಟೆಯಲ್ಲಿ ನಿಂತು, "ಬಟ್ಟಲಿಗೆ ಒಂದ್ ಕ್ವಿಡ್" ಎಂದು ಕೂಗುತ್ತಿದ್ದಾರೆ. ತರಕಾರಿಯನ್ನು ತೂಗದೆ ಬಟ್ಟಲಲ್ಲಿ ಎಣಿಸಿಟ್ಟು ಮಾರುವುದು ಅವರ ರೂಢಿ, ನಾನು ಅವರ ಹತ್ತಿರ ಆರು ವರ್ಷದಿಂದ ಬಟ್ಟಲು ತುಂಬುತ್ತೇನೆ.

ಅವರ ಬೆಲೆ ಎಂದೂ ಬದಲಾಗಲಿಲ್ಲ. ಬದಲಾದದ್ದು ಬಟ್ಟಲು. ಮೊದಲು ಹತ್ತು ಟೊಮ್ಯಾಟೊ ಹಾಕುತ್ತಿದ್ದೆವು, ಆಮೇಲೆ ಏಳು, ಈಗ ನಾಲ್ಕು. ಡೋರಿನ್ ಎಂಬ ಹಳೆಯ ಗಿರಾಕಿ ಮೊನ್ನೆ ಬಟ್ಟಲನ್ನು ಬೆಳಕಿಗೆ ಹಿಡಿದು, "ಕ್ಲೈವಪ್ಪ, ಇದು ಮಾರೋಕೋ, ರುಚಿ ನೋಡೋಕೋ?" ಎಂದು ಕೇಳಿ, ಕೊಳ್ಳದೆ ಹೋದಳು.

ಅದೇ ವಾರ ಮಾರುಕಟ್ಟೆಯ ಬಾಡಿಗೆ ಏರಿತು. ಶನಿವಾರ ಸಂಜೆಯೊಳಗೆ ಕಟ್ಟದಿದ್ದರೆ ಜಾಗ ಬೇರೆಯವರಿಗೆ. ಜಾಗ ಹೋದರೆ ನನ್ನ ಕೆಲಸವೂ ಹೋದಂತೆ. ರಾತ್ರಿ ತರಗತಿಯಲ್ಲಿ ಕಲಿತ ಲೆಕ್ಕದ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ಮೂರು ಸಲ ಕೂಡಿಸಿ ನೋಡಿದ ಮೇಲೆಯೇ, ಬಟ್ಟಲಿಗೆ ಎಂಟು ಹಾಕಿ ಎರಡು ಕ್ವಿಡ್ ಕೇಳೋಣ, ತುಂಬಿದ ಬಟ್ಟಲು ಕಂಡರೆ ಬಿಟ್ಟುಹೋದ ಗಿರಾಕಿಗಳು ಮರಳುತ್ತಾರೆ ಎಂದು ಅವರಿಗೆ ಹೇಳಿದೆ.

"ಒಂದ್ ಕ್ವಿಡ್ ಅಂದ್ರೆ ಜನರ ಕೈ ಸೀದಾ ಜೇಬಿಗೆ ಹೋಗುತ್ತೆ ಕಣಮ್ಮ," ಎಂದರು ಕ್ಲೈವ್. "ಎರಡು ಅಂದ್ರೆ ತಲೆಗೆ ಹೋಗುತ್ತೆ. ತಲೆ ಕೆರ್ಕೊಂಡವನು ಏನೂ ಕೊಳ್ಳಲ್ಲ."

ಆದರೂ ಬಾಡಿಗೆಯ ಚೀಟಿ ನೋಡಿ ಒಪ್ಪಿದರು. ಶನಿವಾರ ಬೆಳಿಗ್ಗೆ ಎಲ್ಲ ಬಟ್ಟಲಿಗೂ ಎಂಟೆಂಟು ತುಂಬಿಟ್ಟೆ. ಅವರು ಗಂಟಲು ಸರಿಮಾಡಿಕೊಂಡರು. ಎರಡು ಎಂದು ಹೊರಟ ಬಾಯಿ ಮೂವತ್ತೊಂದು ವರ್ಷದ ದಾರಿ ಹಿಡಿಯಿತು.

"ಎರಡ್ ಬಟ್ಟಲು ಒಂದ್ ಕ್ವಿಡ್."

ಅವರ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಒಮ್ಮೆ ಕೂಗಿದ ಬೆಲೆಗೆ ಕೊಡದೇ ಇರುವಂತಿಲ್ಲ. ಕೊಡದವನ ಅಂಗಡಿಗೆ ಮತ್ತೆ ಯಾರೂ ಬರುವುದಿಲ್ಲ. ಡೋರಿನ್ ಎರಡು ಚೀಲದೊಂದಿಗೆ ಮುಂದೆ ನಿಂತಿದ್ದಳು, ಹಿಂದೆ ಸಾಲು ಮೀನಿನ ಅಂಗಡಿಯವರೆಗೂ ಬೆಳೆಯುತ್ತಿತ್ತು. ನಾನು ಕೊಡುತ್ತಾ ಹೋದೆ.

ಹನ್ನೆರಡು ಜೊತೆ ಹೋದವು. ಆಗ ನಾನು ಹಣ್ಣಿನ ಪೆಟ್ಟಿಗೆಯ ಮೇಲೆ ಹತ್ತಿದೆ. ಜನರ ಮುಂದೆ ಎಂದೂ ದನಿ ಎತ್ತಿದವಳಲ್ಲ.

"ಆ ಬೆಲೆ ಒಂಬತ್ತು ಗಂಟೆವರೆಗೆ ಮಾತ್ರ," ಎಂದೆ. ಮಾರುಕಟ್ಟೆಯ ಗಡಿಯಾರದಲ್ಲಿ ಒಂಬತ್ತಕ್ಕೆ ಎರಡು ನಿಮಿಷವಿತ್ತು. "ಆಮೇಲೆ ಬಟ್ಟಲಿಗೆ ಎಂಟು, ಎರಡು ಕ್ವಿಡ್."

ಸಾಲಿನಲ್ಲಿ ಗೊಣಗಾಟ ಎದ್ದಿತು. ಚೀಲ ತುಂಬಿಸಿಕೊಂಡಿದ್ದ ಡೋರಿನ್ ತಿರುಗಿ ಜನರಿಗೆ ಹೇಳಿದಳು: "ಎಣಿಸಿ ನೋಡ್ರಪ್ಪಾ, ನಿಜವಾಗ್ಲೂ ಎಂಟಿದಾವೆ. ಇವನ ಅಂಗಡೀಲಿ ಇಷ್ಟು ನೋಡಿ ವರ್ಷಗಳೇ ಆದ್ವು."

ಒಂಬತ್ತರ ನಂತರ ಸಾಲು ಅರ್ಧಕ್ಕೆ ಇಳಿಯಿತು, ಆದರೆ ಕರಗಲಿಲ್ಲ. ಸಂಜೆ ಬಾಡಿಗೆ ಕಟ್ಟಿದ ಮೇಲೆ ಏಳು ಕ್ವಿಡ್ ಉಳಿಯಿತು. ಕ್ಲೈವ್ ಅದರಲ್ಲಿ ನಮ್ಮಿಬ್ಬರಿಗೂ ಚಹಾ ತಂದರು.

"ಸೋಮವಾರದಿಂದ ನೀನೇ ಕೂಗು," ಎಂದರು. "ಬಟ್ಟಲು ನಾನು ತುಂಬ್ತೀನಿ. ದನಿ ಇನ್ನೂ ಕ್ಯಾರೆಟ್‌ಗಷ್ಟೇ ಸಾಕು ನಿಂದು, ಬೇಗ ಕೆಡೋ ಟೊಮ್ಯಾಟೊಗೆ ಸ್ವಲ್ಪ ಜೋರು ಬೇಕು."